ಹೇಳಿ ಬರುವ ಕೆಲಸ

ಅಜ್ಜಿ ಒಳಗಿನಿಂದ ಬಾಗಿಲು ತಳ್ಳುತ್ತಿದ್ದಳು, ಮೊಮ್ಮಗ ಹೊರಗಿನಿಂದ ಅದನ್ನು ಹಿಡಿದುಕೊಂಡು ನಿಂತಿದ್ದ. ಎಂಬತ್ತೇಳು ವರ್ಷದ ಕೈಗಳಲ್ಲಿ ಅಷ್ಟು ಬಲ ಇದ್ದೀತೆಂದು ಅವನು ಎಣಿಸಿರಲಿಲ್ಲ. ಆ ಬಾಗಿಲಿಗೆ ಹೊರಗಡೆ ಚಿಲಕ ಇರಲಿಲ್ಲ. ಇದ್ದಿದ್ದರೂ ಮಗನ ಹೆಣ ಹಜಾರಕ್ಕೆ ಬರುವ ಹೊತ್ತಿನಲ್ಲಿ ಹೆತ್ತವಳನ್ನು ಒಳಗೆ ಹಾಕಿ ಚಿಲಕ ಎಳೆಯುವಷ್ಟು ಗಟ್ಟಿ ಎದೆ ಅವನದಲ್ಲ. ಹಾಗಾಗಿ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮಡಿಯನ್ನು ನೆಲಕ್ಕೆ ಊರಿ, ಮುಖ ಬೇರೆ ಕಡೆ ತಿರುಗಿಸಿಕೊಂಡು ನಿಂತಿದ್ದ.

"ಯಾರೋ ಅದು? ಬಾಗಿಲು ಬಿಡೋ!"

"ನಾನೇ ಅಜ್ಜಿ. ಒಂದೇ ಒಂದು ನಿಮಿಷ."

"ಆಗಲಿಂದ ಒಂದು ನಿಮಿಷ ಅಂತಾನೇ ಇದೀಯ. ಏನದು ಗಲಾಟೆ? ಯಾರ್ಯಾರೋ ಬಂದ ಹಾಗಿದೆ. ಯಾರೋ ಅತ್ತ ಹಾಗಾಯ್ತಲ್ಲ?"

ಹಜಾರದಲ್ಲಿ ನಾಲ್ಕು ಜನ ಆಸ್ಪತ್ರೆಯ ಸ್ಟ್ರೆಚರನ್ನು ಒಳಗೆ ತರುತ್ತಿದ್ದರು. ಅದು ಬಾಗಿಲಲ್ಲಿ ಸಿಕ್ಕಿಕೊಂಡು ಓರೆಯಾಯಿತು. ಯಾರೋ ಸೋಫಾ ಎಳೆದರು. ಅವನ ತಾಯಿ ಅಡುಗೆಮನೆಯ ಗೋಡೆಗೆ ಒರಗಿ, ಬಾಯಿಗೆ ಟವೆಲ್ ಒತ್ತಿಕೊಂಡು ಅಳುತ್ತಿದ್ದಳು. ಒತ್ತಿಕೊಂಡರೂ ಸದ್ದು ಬರುತ್ತಿತ್ತು.

"ಶೂಟಿಂಗ್ ಅಜ್ಜಿ," ಎಂದುಬಿಟ್ಟ ಅವನು. "ಮನೇಲಿ ಶೂಟಿಂಗ್ ನಡೀತಿದೆ."

ಬಾಗಿಲ ಮೇಲಿದ್ದ ಒತ್ತಡ ತಟ್ಟನೆ ಇಳಿಯಿತು.

"ಮೊದಲೇ ಹಾಗನ್ನಬಾರದಾ? ಮಧ್ಯ ಬಂದು ಕೆಡಿಸಿಬಿಡ್ತಿದ್ದೆ." ಅಜ್ಜಿಯ ದನಿ ಪಿಸುಮಾತಿಗಿಳಿಯಿತು. "ನಿಮ್ಮಪ್ಪಂದಾ?"

"ಹೂಂ."

"ಊರಿಂದ ಬಂದ್ನಾ ಹಾಗಾದ್ರೆ! ನನ್ನ ಮಾತಾಡಿಸ್ಲೇ ಇಲ್ಲ ನೋಡು. ಏನು ಪಾರ್ಟು?"

ಮೊಮ್ಮಗ ಸ್ಟ್ರೆಚರಿನ ಕಡೆ ನೋಡಿದ. ಅವನಿಗೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ.

"ಮಲಗಿರೋದು," ಎಂದ.

"ಒಳ್ಳೇದಾಯ್ತು ಬಿಡು. ಮಾತಿಲ್ಲ ಕತೆಯಿಲ್ಲ, ಸುಸ್ತಾಗಲ್ಲ," ಎಂದಳು ಅಜ್ಜಿ. ಮಂಚ ಕಿರುಗುಟ್ಟಿದ ಸದ್ದು ಕೇಳಿತು. ಅವಳು ಕೂತಿದ್ದಳು.

ಅಜ್ಜಿಯ ಮಗ ದಫೇದಾರ ತೀರಿಕೊಂಡದ್ದು ಅಂದು ಬೆಳಿಗ್ಗೆ ಏಳು ಗಂಟೆಗೆ, ಆಸ್ಪತ್ರೆಯಲ್ಲಿ. ಆಸ್ಪತ್ರೆ ಸೇರಿ ಮೂರು ದಿನವಾಗಿತ್ತು. ತಾಯಿಗೆ ಅದನ್ನೂ ಹೇಳಿರಲಿಲ್ಲ. ಹೊರಗಡೆ ಊರಿನಲ್ಲಿ ಶೂಟಿಂಗ್ ಇದೆ ಎಂದಿದ್ದರು. ಆಕೆಯನ್ನು ನೋಡುವ ವೈದ್ಯರು ಫೋನಿನಲ್ಲಿ, "ಹೇಳಲೇಬೇಕು, ಆದ್ರೆ ಒಮ್ಮೆಲೇ ಹೇಳ್ಬೇಡಿ. ನಿಧಾನಕ್ಕೆ ಹೇಳಿ," ಎಂದರು. ನಿಧಾನಕ್ಕೆ ಅಂದರೆ ಹೇಗೆ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು. ಬಾಗಿಲು ಹಿಡಿದು ನಿಂತಿದ್ದ ದಫೇದಾರನ ಮಗನದು ಕನ್ನಡಕದ ಅಂಗಡಿ. ಹನ್ನೆರಡು ವರ್ಷದ ವ್ಯಾಪಾರದಲ್ಲಿ 'ಈ ಫ್ರೇಮು ನಿಮ್ಮ ಮುಖಕ್ಕೆ ಒಪ್ಪುತ್ತೆ' ಎನ್ನುವುದಕ್ಕಿಂತ ದೊಡ್ಡ ಸುಳ್ಳು ಅವನು ಹೇಳಿದವನಲ್ಲ. ಹೇಳಿದ ಸುಳ್ಳು ಇಷ್ಟು ಚೆನ್ನಾಗಿ ನಿಂತುಬಿಟ್ಟಿತಲ್ಲ ಎಂದು ಅವನಿಗೇ ಗಾಬರಿಯಾಯಿತು.

"ಏನೋ ಮಾಡ್ದೆ ನೀನು?" ಅವನ ತಾಯಿ ಟವೆಲ್ ತೆಗೆದು ಕೇಳಿದಳು. "ನಾಲ್ಕು ಗಂಟೆಗೆ ಗಾಡಿ ಬರುತ್ತೆ. ಹೇಳದೇ ಕಳಿಸಿಬಿಟ್ರೆ ನಾಳೆ ಅವರ ಮುಖ ನಾನು ಹೇಗೆ ನೋಡ್ಲಿ? ಹೆತ್ತವರು ಕಣೋ. ಕೊನೇ ಸಲ ನೋಡೋದೂ ಬೇಡ್ವಾ?"

"ಹೇಳ್ತೀನಿ ಅಮ್ಮ. ಯಾರಾದ್ರೂ ದೊಡ್ಡೋರು ಬರ್ಲಿ."

ಆ ಮನೆಯಲ್ಲಿ ಇಂಥ ಸುದ್ದಿಯನ್ನು ಹೇಳಲು ಗೊತ್ತಿದ್ದವನು ಒಬ್ಬನೇ. ಅವನನ್ನೇ ಈಗ ಸೋಫಾ ಸರಿಸಿದ ಜಾಗದಲ್ಲಿ ಮಲಗಿಸುತ್ತಿದ್ದರು.

*

ದಫೇದಾರ ಎನ್ನುವುದು ಅವನ ಹುದ್ದೆಯ ಹೆಸರು. ಬಡ್ತಿ ಸಿಕ್ಕಿ ಹುದ್ದೆ ಬದಲಾಯಿತು, ಆಮೇಲೆ ಪೊಲೀಸು ಕೆಲಸವನ್ನೇ ಬಿಟ್ಟು ಸಿನಿಮಾಕ್ಕೆ ಹೋದ. ಹೆಸರು ಮಾತ್ರ ಬಿಡಲಿಲ್ಲ.

ಠಾಣೆಯಲ್ಲಿ ಕಳ್ಳರನ್ನು ಹಿಡಿಯುವವರು ಬೇರೆ ಇದ್ದರು, ಅವರ ಬಾಯಿ ಬಿಡಿಸುವವರು ಬೇರೆ. ದಫೇದಾರನ ಪಾಲಿಗೆ ಬಂದದ್ದು ಹೇಳಿ ಬರುವ ಕೆಲಸ. ರಸ್ತೆಯಲ್ಲೋ ರೈಲು ಹಳಿಯ ಮೇಲೋ ಕಾರ್ಖಾನೆಯಲ್ಲೋ ಯಾರಾದರೂ ಸತ್ತರೆ ಅವರ ಮನೆಗೆ ಹೋಗಿ ಹೇಳಿ ಬರಬೇಕು. ಮೊದಲ ಸಲ ಬೇರೆ ಯಾರೂ ಕೈಗೆ ಸಿಗದೆ ಅವನನ್ನು ಅಟ್ಟಿದ್ದರು. ಅವನು ಹೇಳಿ ಬಂದ ಮೇಲೆ ಆ ಮನೆಯವರು ಠಾಣೆಗೆ ಕಲ್ಲು ಹೊಡೆಯಲಿಲ್ಲ, ಯಾರ ಕೊರಳಪಟ್ಟಿಯನ್ನೂ ಹಿಡಿಯಲಿಲ್ಲ. ಸುಮ್ಮನೆ ಬಂದರು, ಸಹಿ ಹಾಕಿದರು, ದೇಹ ತೆಗೆದುಕೊಂಡು ಹೋದರು. ಇನ್‌ಸ್ಪೆಕ್ಟರಿಗೆ ಅಷ್ಟೇ ಸಾಕಾಯಿತು. "ನಿನ್ನ ಮುಖ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ ಕಣಯ್ಯ," ಎಂದ. ಅವತ್ತಿನಿಂದ ಆ ಕೆಲಸ ಅವನ ಬೆನ್ನಿಗೆ ಬಿತ್ತು.

ಕೆಲಸ ಅಂದಮೇಲೆ ಅದಕ್ಕೊಂದು ಕ್ರಮ ಬೇಕಲ್ಲ. ಬೇರೆ ಅಪ್ಪಂದಿರು ಮಕ್ಕಳಿಗೆ ಸೈಕಲ್ಲು, ಈಜು ಹೇಳಿಕೊಡುತ್ತಾರೆ. ಇವನು ಊಟಕ್ಕೆ ಕೂತಾಗ ಮಗನಿಗೆ ಹೇಳಿಕೊಟ್ಟದ್ದು ಇದನ್ನು: "ಹೊಸಿಲ ಮೇಲೆ ಹೇಳಬಾರದು. ಒಳಗೆ ಹೋಗಬೇಕು. ಅವರನ್ನ ಕೂರಿಸಿ ನೀನೂ ಕೂರಬೇಕು, ಅವರ ಸಮಕ್ಕೆ. ಸೀರಿಯಸ್ಸು ಅನ್ನಬಾರದು, ಹೊರಟುಹೋದ್ರು ಅನ್ನಬಾರದು. ಹೊರಟುಹೋದೋರು ವಾಪಸ್ ಬರ್ತಾರೆ ಅಂತ ಜನ ಕಾಯ್ತಾರೆ. ಸತ್ತಿದಾರೆ ಅನ್ನಬೇಕು. ಒಂದೇ ಸಲ. ಹೇಳಿ ಬಾಯಿ ಮುಚ್ಕೊಂಡು ಕೂರಬೇಕು. ಇನ್ನೊಬ್ರು ಯಾರಾದ್ರೂ ಬರೋತನಕ ಏಳಬಾರದು."

"ಉಣ್ಣೋ ಹೊತ್ತಲ್ಲಿ ಇದೇನ್ರೀ ಪಾಠ?" ಎಂದು ಹೆಂಡತಿ ರೇಗುತ್ತಿದ್ದಳು.

"ಎಲ್ಲರಿಗೂ ಒಂದಲ್ಲ ಒಂದಿನ ಬೇಕಾಗುತ್ತೆ ಕಣೆ," ಎಂದು ಅವನು ಅನ್ನ ಕಲಸುತ್ತಿದ್ದ.

*

ಹನ್ನೊಂದು ಗಂಟೆಗೆ ಮೀಸೆ ಬಂದ. ಠಾಣೆಯಲ್ಲಿ ದಫೇದಾರನ ಜೋಡಿಯಾಗಿದ್ದ ಪೇದೆ ಅವನು. ನಿವೃತ್ತನಾಗಿ ಹತ್ತು ವರ್ಷವಾದರೂ ಮೀಸೆಗೆ ಕಪ್ಪು ಹಚ್ಚುವುದನ್ನು ಬಿಟ್ಟಿರಲಿಲ್ಲ. ಈ ಸಲ ಹಚ್ಚಲು ಪುರಸೊತ್ತಾಗಿರಲಿಲ್ಲ. ಬುಡದಲ್ಲೆಲ್ಲ ಬಿಳಿ ಕಾಣುತ್ತಿತ್ತು. ಸ್ನೇಹಿತನ ಕಾಲ ಬಳಿ ಸೆಟೆದು ನಿಂತು ಸೆಲ್ಯೂಟ್ ಹೊಡೆದ. ಆಮೇಲೆ ಕೈ ಇಳಿಸುವುದು ಮರೆತು ಹಾಗೇ ನಿಂತ. ದಫೇದಾರನ ಮಗ ಹೋಗಿ ಆ ಕೈಯನ್ನು ಇಳಿಸಿ, ಹಿತ್ತಲ ಮೆಟ್ಟಿಲಿಗೆ ಕರೆದುಕೊಂಡು ಹೋದ.

"ನೀವಾದ್ರೂ ಅಜ್ಜಿಗೆ ಹೇಳಿ. ಅಪ್ಪನ ಜೊತೆ ಅಷ್ಟು ವರ್ಷ ಹೋಗ್ತಿದ್ರಿ. ನಿಮಗೆ ಗೊತ್ತಿರುತ್ತೆ."

ಮೀಸೆ ತಲೆಯಾಡಿಸಿ ಅಜ್ಜಿಯ ಕೋಣೆಗೆ ಹೋದ. ಹೋದವನು ಇಪ್ಪತ್ತು ನಿಮಿಷ ಹೊರಗೆ ಬರಲಿಲ್ಲ. ಬಾಗಿಲ ಹೊರಗೆ ಸೊಸೆ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಚೀರಾಟ ಕೇಳಲಿಲ್ಲ. ಮಧ್ಯೆ ಒಂದು ಸಲ ಅಜ್ಜಿ ನಕ್ಕದ್ದು ಕೇಳಿತು.

ಹೊರಗೆ ಬಂದ ಮೀಸೆ ಯಾರ ಮುಖವನ್ನೂ ನೋಡಲಿಲ್ಲ.

"ಆಗ್ಲಿಲ್ಲಪ್ಪ. ಒಳಗೆ ಹೋಗ್ತಿದ್ದ ಹಾಗೇ ನಿನಗೇನು ಪಾರ್ಟು ಕೊಟ್ಟಿದಾರೆ ಅಂತ ಕೇಳಿದ್ರು. ಪೊಲೀಸು ಅಂದೆ. ಇಷ್ಟು ವರ್ಷ ಬೇಕಾಯ್ತಾ ನಿನಗೆ ಪೊಲೀಸಾಗೋಕೆ ಅಂತ ನಕ್ಕರು. ನಗೋರ ಎದುರು ಹೇಗೆ ಹೇಳೋದು? ನಾನು ಯಾವತ್ತೂ ಜೀಪಿನ ಹತ್ರಾನೇ ನಿಂತಿರ್ತಿದ್ದೆ ಕಣಪ್ಪ. ಒಳಗೆ ಹೋಗ್ತಿದ್ದೋನು ಅವನು." ಮೆಟ್ಟಿಲ ಮೇಲೆ ಕುಸಿದು ಕೂತ. "ಒಂದೇ ಒಂದ್ಸಲ ಅವನ ಜೊತೆ ಒಳಗೆ ಹೋಗಿದ್ದೆ. ಅದನ್ನ ಅವನು ನಿಂಗೆ ಹೇಳಿದ್ನೋ ಇಲ್ವೋ."

"ಇಲ್ಲ."

"ಹೇಳಿರಲ್ಲ ಬಿಡು. ತಪ್ಪು ನಂದು."

*

ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ಒಡೆದು ಒಬ್ಬ ಹುಡುಗ ಸತ್ತಿದ್ದ. ವಿಳಾಸ ಬರೆದುಕೊಂಡು ಬಂದವನು ಮೀಸೆ. ಹಾಜರಿ ಪುಸ್ತಕದಲ್ಲಿ ಆ ಹೆಸರು ಎರಡು ಕಡೆ ಇತ್ತು. ಮೊದಲನೆಯದನ್ನು ಕಂಡವನೇ ಪುಸ್ತಕ ಮುಚ್ಚಿ ಎದ್ದುಬಂದಿದ್ದ.

ಕೆಲಸಗಾರರ ಸಾಲುಮನೆಗಳಲ್ಲಿ ಆರನೆಯದು. ದಫೇದಾರ ಒಳಗೆ ಹೋದ, ತಾಯಿಯನ್ನು ಕೂರಿಸಿದ, ತಾನೂ ಕೂತ, ಹೇಳಿದ. ಆಕೆಯ ಕೂಗಿಗೆ ಇಡೀ ಸಾಲು ಓಡಿಬಂತು. ಜೀಪಿನ ಬಳಿ ನಿಲ್ಲಲಾಗದೆ ಮೀಸೆಯೂ ಒಳಗೆ ಬಂದ. ಪಕ್ಕದ ಮನೆಗಳ ಹೆಂಗಸರು ಆಕೆಯನ್ನು ಹಿಡಿದುಕೊಂಡರು. ಅದರಲ್ಲೊಬ್ಬಳು ಹಸಿರು ರವಿಕೆಯವಳು ಆಕೆಯ ತಲೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ನೀರು ಕುಡಿಸಿ, ಆಕೆಗಿಂತ ಹೆಚ್ಚು ತಾನೇ ಅತ್ತಳು. ಅರ್ಧ ಗಂಟೆಯ ಮೇಲೆ ಬಾಗಿಲಲ್ಲಿ ಗದ್ದಲವಾಯಿತು. ಸತ್ತನೆಂದು ಹೇಳಿದ್ದ ಹುಡುಗ ಸೈಕಲ್ಲು ಒರಗಿಸಿ, "ಏನಾಯ್ತಮ್ಮ?" ಎನ್ನುತ್ತ ಒಳಗೆ ಬಂದ.

ಆ ಮನೆಯ ಸಂತೋಷ ಹೇಳತೀರದು. ತಾಯಿ ಮಗನ ಮೈಯೆಲ್ಲ ಸವರಿ ನೋಡಿದಳು. ದಫೇದಾರನನ್ನು ಬಯ್ಯಲೂ ಇಲ್ಲ, ಅವನ ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡಳು. ಹಸಿರು ರವಿಕೆಯವಳು ಕುಣಿದಾಡುವುದೊಂದು ಬಾಕಿ. ಆಗ ಗುಂಪಿನಲ್ಲಿದ್ದ ಯಾರೋ, ಅದೇ ಹೆಸರಿನ ಇನ್ನೊಬ್ಬ ಹುಡುಗ ಇದೇ ಸಾಲಿನ ಒಂಬತ್ತನೇ ಮನೆಯಲ್ಲಿದ್ದಾನೆ ಎಂದರು. ಅವನ ತಾಯಿ ಎಲ್ಲಿ ಎಂದು ದಫೇದಾರ ಕೇಳಿದ. ಎಲ್ಲರೂ ಹಸಿರು ರವಿಕೆಯವಳ ಕಡೆ ತಿರುಗಿದರು. ಅವಳ ಮುಖದ ಮೇಲೆ ನಗು ಇನ್ನೂ ಇತ್ತು.

ದಫೇದಾರ ಅವಳ ಎದುರು ಕೂತ. ಅವನ ಬಾಯಿ ತೆರೆಯಿತು, ಮುಚ್ಚಿತು, ಮಾತು ಹೊರಡಲಿಲ್ಲ. ಅವಳೇ ಅವನ ಭುಜ ಹಿಡಿದು ಅಲುಗಾಡಿಸಿ, "ಹೇಳಿ, ಆಕೆಗೆ ಹೇಳಿದ್ರಲ್ಲ, ಹಾಗೇ ಹೇಳಿ," ಎಂದಳು.

ಆಮೇಲೆ ಅವನು ಮನೆಗಳ ಎದುರು ಹೋಗಿ ನಿಲ್ಲುತ್ತಿದ್ದ, ಒಳಗೆ ಹೋಗುತ್ತಿರಲಿಲ್ಲ. ಒಂದು ಸಲ ಮೂರು ತಾಸು ನಿಂತಿದ್ದ. ಇನ್‌ಸ್ಪೆಕ್ಟರ್ ಬೇಸತ್ತು ಅವನನ್ನು ಸಿನಿಮಾದವರ ಕಾವಲಿಗೆ ಹಾಕಿದ. ಶೂಟಿಂಗ್ ನಡೆಯುವ ಬೀದಿಯಲ್ಲಿ ಹಗ್ಗ ಕಟ್ಟಿ ಜನರನ್ನು ತಡೆಯುವುದು, ಅಷ್ಟೇ.

*

ಅಂಥ ಒಂದು ಬೀದಿಯಲ್ಲೇ ಅವನ ಎರಡನೇ ಜನ್ಮ ಆಯಿತು. ಅವತ್ತಿನ ದೃಶ್ಯದಲ್ಲಿ ಪೊಲೀಸು ವೇಷದ ನಟನೊಬ್ಬ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬ ತಾಯಿಗೆ, "ನಿಮ್ಮ ಮಗ ಇನ್ನಿಲ್ಲ!" ಎಂದು ಗುಡುಗುತ್ತಿದ್ದ. ಹಗ್ಗ ಹಿಡಿದು ನಿಂತಿದ್ದ ದಫೇದಾರ ಎರಡು ಸಲ ತಡೆದುಕೊಂಡ. ಮೂರನೇ ಸಲ ಹಗ್ಗ ಬಿಟ್ಟು ಒಳಗೆ ನುಗ್ಗಿ, "ಸಾರ್, ಹಾಗೆ ಹೇಳಿದ್ರೆ ಆಯಮ್ಮ ಬದುಕಲ್ಲ," ಎಂದ.

ಎಲ್ಲರೂ ನಕ್ಕರು. ನಿರ್ದೇಶಕ ಮಾತ್ರ ನಗದೆ, "ಹಾಗಾದ್ರೆ ನೀವೇ ಹೇಳಿ ನೋಡೋಣ," ಎಂದ.

ದಫೇದಾರ ಆ ನಟಿಯ ಎದುರು ಕೂತ. ಸಾಲುಮನೆಯಲ್ಲಿ ಬಾಯಿಗೆ ಬಾರದ ಮಾತು ಈಗ ಬಂತು. ಮೆಲ್ಲಗೆ ಹೇಳಿದ, ಹೇಳಿ ಸುಮ್ಮನಾದ. ಆಕೆ ನಿಜವಾಗಿಯೂ ಅತ್ತುಬಿಟ್ಟಳು. ನಿರ್ದೇಶಕ 'ಕಟ್' ಅಂದ. ದಫೇದಾರ ಏಳಲಿಲ್ಲ, ಇನ್ನೊಬ್ಬರು ಯಾರೂ ಇನ್ನೂ ಬಂದಿರಲಿಲ್ಲವಲ್ಲ. ಅಷ್ಟರಲ್ಲಿ ಆಕೆ ಕಣ್ಣೊರೆಸಿಕೊಂಡು, ಎದ್ದು, "ನನ್ನ ಕಾಫಿ ಎಲ್ರೀ?" ಎಂದು ಕೂಗಿದಳು. ಅವನು ಬಿಟ್ಟ ಬಾಯಿ ಬಿಟ್ಟ ಹಾಗೇ ನೋಡಿದ. ಆಮೇಲೆ ಅವನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ಇವತ್ತು ಒಬ್ಬಳಿಗೆ ಹೇಳ್ದೆ ಕಣೆ," ಎಂದ ಮನೆಗೆ ಬಂದು ಹೆಂಡತಿಗೆ. "ಹೇಳಾದ್ಮೇಲೆ ಅವಳು ಎದ್ದು ಕಾಫಿ ಕುಡಿದಳು!"

ವರ್ಷ ತುಂಬುವುದರೊಳಗೆ ರಾಜೀನಾಮೆ ಕೊಟ್ಟ. ಇಪ್ಪತ್ತೆರಡು ವರ್ಷ ಸಿನಿಮಾದಲ್ಲಿ ಇನ್‌ಸ್ಪೆಕ್ಟರ್ ಆದ, ಡಾಕ್ಟರ್ ಆದ, ಅಂಚೆಯವನಾದ, ನೆರೆಮನೆಯ ಹಿರಿಯನಾದ. ವೇಷ ಯಾವುದಾದರೇನು, ತರುತ್ತಿದ್ದದ್ದು ಅದೇ ಸುದ್ದಿ. ಅವನು ತೆರೆಯ ಮೇಲೆ ಬಂದರೆ ಸಾಕು, ಯಾರೋ ಹೋದರು ಎಂದು ಜನ ಕರ್ಚೀಫು ತೆಗೆಯುತ್ತಿದ್ದರು. ತಲೆ ನರೆತ ಮೇಲೆ ಮನೆಯ ಹಿರಿಯನಾಗಿ ತಾನೇ ಸಾಯುವ ಪಾತ್ರಗಳೂ ಬಂದವು. ಮೊದಲ ಸಲ ತೆರೆಯ ಮೇಲೆ ಅವನು ಸತ್ತದ್ದನ್ನು ನೋಡಿ ಅವನ ತಾಯಿ ಚಿತ್ರಮಂದಿರದಲ್ಲೇ ಪ್ರಜ್ಞೆ ತಪ್ಪಿದಳು. ಮೂರು ದಿನ ಊಟ ಬಿಟ್ಟಳು. ಮಗ ಕಣ್ಣೆದುರೇ ಕೂತಿದ್ದರೂ ಅವನನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಹಾಗಾಗಿ ಮುಂದಿನ ಸಲ ಅವಳನ್ನು ಶೂಟಿಂಗಿಗೇ ಕರೆದುಕೊಂಡು ಹೋದ. ಕ್ಯಾಮೆರಾದ ಪಕ್ಕ ಕುರ್ಚಿ ಹಾಕಿಸಿ ಕೂರಿಸಿದ. ಅವತ್ತು ಐದು ಸಲ ಸತ್ತ, ಐದು ಸಲವೂ ಎದ್ದು ಅವಳ ಬಳಿ ಬಂದು, "ನೋಡಮ್ಮ, ಎದ್ದೆ," ಎಂದ. "ಇನ್ಮುಂದೆ ನಾನು ಮಲಗಿದ್ದು ಕಂಡ್ರೆ ಗಾಬರಿಯಾಗ್ಬಾರ್ದು. ಅವರು ಹೇಳೋತನಕ ನಾನು ಏಳೋ ಹಾಗಿಲ್ಲ, ಅಷ್ಟೇ." ಐದನೇ ಸಲಕ್ಕೆ ಅವಳು ಚಪ್ಪಾಳೆ ತಟ್ಟಿದಳು. ಆಮೇಲೆ ಈ ಮನೆಯಲ್ಲೇ ಎರಡು ಸಲ ಶೂಟಿಂಗ್ ಆಯಿತು. ಗುಂಪಿನ ನಡುವೆ ಅವಳೂ ಅಜ್ಜಿಯಾಗಿ ಕೂತಿದ್ದಳು. ಅಂತೂ ಮಗನ ಸಾವಿಗೆ ಹೆದರದ ಹಾಗೆ ತಾಯಿಯನ್ನು ಅವನೇ ತಯಾರು ಮಾಡಿಟ್ಟಿದ್ದ.

*

ಎರಡು ಗಂಟೆಗೆ, ಅವತ್ತು ಕಾಫಿ ಕೇಳಿದ್ದ ಆ ನಟಿ ಬಂದಳು. ಹನ್ನೊಂದು ಸಿನಿಮಾಗಳಲ್ಲಿ ದಫೇದಾರ ಆಕೆಗೆ ಸುದ್ದಿ ತಂದಿದ್ದ: ಗಂಡ ನಾಲ್ಕು ಸಲ, ಮಗ ಆರು ಸಲ, ಒಂದು ಸಲ ಇಡೀ ಕುಟುಂಬ. ಬಣ್ಣವಿಲ್ಲದ ಮುಖ, ಹತ್ತಿಯ ಬಟ್ಟೆ, ಕೈಯಲ್ಲಿ ಕೋಲು. ಹಜಾರದಲ್ಲಿದ್ದ ಬಹಳ ಜನಕ್ಕೆ ಅವಳ ಗುರುತೇ ಹತ್ತಲಿಲ್ಲ. ದೇಹದ ಪಕ್ಕ ಬಹಳ ಹೊತ್ತು ನಿಂತಳು. ಅಳಲಿಲ್ಲ.

"ನನ್ನ ಎದುರು ಕೂತು ಹೇಳ್ತಿದ್ರು," ಎಂದಳು ಹತ್ತಿರ ಬಂದ ಮಗನಿಗೆ. "ಇವತ್ತು ಫೋನಲ್ಲಿ ಯಾರೋ ಪಟಪಟ ಅಂತ ಹೇಳಿ ಇಟ್ಟುಬಿಟ್ರು. ಅಳು ಬರ್ತಾ ಇಲ್ಲ ನೋಡು."

ಮಗ ಆಕೆಗೆ ಎಲ್ಲ ಹೇಳಿದ. ಬೆಳಿಗ್ಗೆ ಬಾಗಿಲು ಹಿಡಿದದ್ದು, ಬಾಯಿಗೆ ಬಂದ ಸುಳ್ಳು, ಮೀಸೆ ಸೋತು ಬಂದದ್ದು. ಗಡಿಯಾರ ನೋಡಿದ. "ಇನ್ನು ಎರಡೇ ಗಂಟೆ. ನಿಮ್ಮ ಕೈ ಮುಗೀತೀನಿ, ನೀವು ಹೇಳಿ. ನಿಮಗಾದ್ರೆ ಇದೆಲ್ಲ ಅಭ್ಯಾಸ."

"ಕೇಳಿ ಅಭ್ಯಾಸ ಕಣಪ್ಪ, ಹೇಳಿ ಅಲ್ಲ," ಎಂದಳು. "ಹೇಳೋದು ಅವರ ಡೈಲಾಗು. ಅದನ್ನ ನಾನು ಕಲಿಯಕ್ಕೇ ಹೋಗ್ಲಿಲ್ಲ. ಆದ್ರೂ ನೋಡ್ತೀನಿ."

ಒಳಗೆ ಹೋಗಿ ಅಜ್ಜಿಯ ಪಕ್ಕ ಮಂಚದ ಮೇಲೆ ಕೂತು ಅವಳ ಕೈ ಹಿಡಿದಳು. "ಅಮ್ಮಾ," ಎಂದಳು. ಬಂದ ದಾರಿಯುದ್ದಕ್ಕೂ ಬಾರದ ಅಳು ಆಗ ಬಂತು. ಒಂದು ಮಾತೂ ಹೊರಡದೆ ಅತ್ತಳು, ಮೈಯೆಲ್ಲ ಅಲುಗುವ ಹಾಗೆ ಅತ್ತಳು. ಬಾಗಿಲಲ್ಲಿದ್ದ ಸೊಸೆ, ಇನ್ನು ಅತ್ತೆಗೆ ಗೊತ್ತಾಗಿಯೇ ಆಗುತ್ತದೆ ಎಂದು ಕಣ್ಣು ಮುಚ್ಚಿಕೊಂಡಳು.

ಅಜ್ಜಿಯ ಕಣ್ಣಿಗೆ ಪೊರೆ ಬಂದು ಆಕಾರವಷ್ಟೇ ಕಾಣುತ್ತಿತ್ತು. ಆದರೆ ಆ ಅಳುವಿನ ದನಿಯನ್ನು ಅವಳು ಮರೆಯುವ ಹಾಗಿರಲಿಲ್ಲ. "ನೀನಾ!" ಎಂದಳು, ಮುಖ ಅರಳಿಸಿ. "ಈಗ್ಲೂ ಎಷ್ಟು ಚೆನ್ನಾಗಿ ಅಳ್ತೀಯಮ್ಮ. ಇವರು ಏನೇನೋ ಗುಟ್ಟು ಮಾಡ್ತಿದ್ರು, ನಂಗೂ ಬೆಳಗಿಂದ ಏನೋ ಅನುಮಾನ. ನೀನೂ ಬಂದಿದೀಯ ಅಂದ್ಮೇಲೆ ದೊಡ್ಡ ಸಿನಿಮಾನೇ ಬಿಡು."

ನಟಿ ಹೊರಗೆ ಬಂದಾಗ ಅವಳ ಕೋಲು ಒಳಗೇ ಉಳಿದಿತ್ತು. ಗೋಡೆ ಹಿಡಿದುಕೊಂಡು ಬಂದಳು.

"ನಾನು ಬರಬಾರದಾಗಿತ್ತು," ಎಂದಳು. "ಬೆಳಗಿಂದ ಇದ್ದ ಒಂದು ಅನುಮಾನವನ್ನೂ ನಾನೇ ಕಳೆದುಬಿಟ್ಟೆ."

*

ಮೂರೂವರೆಗೆ ಅಜ್ಜಿ ತಾನಾಗಿಯೇ ಬಾಗಿಲು ತೆಗೆದುಕೊಂಡು ಬಂದಳು. ಯಾರೂ ತಡೆಯಲಿಲ್ಲ. ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಹಜಾರದಲ್ಲಿದ್ದವರು ಎದ್ದು ದಾರಿ ಬಿಟ್ಟರು. ಠಾಣೆಯಿಂದ ಬಂದಿದ್ದ ಇಬ್ಬರು ಪೇದೆಗಳು ಎಲ್ಲಿ ನೋಡಬೇಕೆಂದು ತಿಳಿಯದೆ ತಮ್ಮ ಬೂಟುಗಳನ್ನು ನೋಡಿಕೊಂಡರು. ಮೀಸೆ ತಂದಿಟ್ಟ ಕುರ್ಚಿಯಲ್ಲಿ ಅವಳು ಮಗನ ತಲೆಯ ಬಳಿ ಕೂತಳು, ತೀರ ಹತ್ತಿರಕ್ಕೆ ಬಗ್ಗಿ ಅವನ ಮುಖ ನೋಡಿದಳು.

"ಬಿಳಿ ಜಾಸ್ತಿ ಬಳಿದಿದಾರೆ," ಎಂದಳು ಮೆಲ್ಲಗೆ.

ಅವಳ ಕೈ ಅವನ ಕೆನ್ನೆಯ ಕಡೆ ಹೋಯಿತು. ಮುಟ್ಟಿದರೆ ತಣ್ಣಗಿರುವುದು ತಿಳಿಯುತ್ತದೆ. ಯಾರೂ ಏನೂ ಹೇಳಬೇಕಾಗುವುದಿಲ್ಲ. ಕೈ ಕೆನ್ನೆಯಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತು.

"ಬೇಡ, ಕೆಟ್ಟುಹೋಗುತ್ತೆ," ಎಂದು ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

ಮೊಮ್ಮಗ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ, ಅವಳ ಸಮಕ್ಕೆ. ಅಪ್ಪ ಹೇಳಿಕೊಟ್ಟದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡ. ಸುತ್ತುಬಳಸು ಬೇಡ.

"ಅಜ್ಜಿ. ಅಪ್ಪ ಸತ್ತಿದಾರೆ."

ಹೇಳಿಯಾಯಿತು, ಇನ್ನು ಬಾಯಿ ಮುಚ್ಚಿ ಕೂರಬೇಕು. ಅವನು ಕೂತ.

ಅಜ್ಜಿ ತಲೆ ಓರೆ ಮಾಡಿ ಕೇಳಿಸಿಕೊಂಡಳು.

"ನಿಂಗೂ ಪಾರ್ಟು ಕೊಟ್ರಾ?" ಎಂದಳು. "ಅಷ್ಟು ಜೋರಾಗಿ ಹೇಳ್ಬಾರ್ದು ಕಣೋ. ನಿಮ್ಮಪ್ಪ ಹಾಗೆ ಹೇಳಲ್ಲ. ಅವನದ್ದು ಮೆಲ್ಲಗೆ ಇರುತ್ತೆ. ಇನ್ನೊಂದ್ಸಲ ಹೇಳು."

"ಅಜ್ಜಿ, ಇದು ಶೂಟಿಂಗ್ ಅಲ್ಲ. ನಾನು ಸುಳ್ಳು ಹೇಳ್ದೆ. ಅಪ್ಪ ನಿಜವಾಗ್ಲೂ—"

"ಬೇರೆ ಮಾತು ಸೇರಿಸ್ಬೇಡ. ಎಷ್ಟಿದೆಯೋ ಅಷ್ಟೇ ಹೇಳು."

ಅವನು ಸುತ್ತ ನೋಡಿದ. ತಾಯಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮೀಸೆ ಗೋಡೆಯ ಕಡೆ ತಿರುಗಿದ್ದ. ನಟಿ ತಲೆ ತಗ್ಗಿಸಿದ್ದಳು. ಯಾರಿಂದಲೂ ಸಹಾಯ ಬರುವ ಹಾಗಿರಲಿಲ್ಲ. ಇದ್ದದ್ದು ಅದೊಂದೇ ಮಾತು, ಅದನ್ನು ಅಪ್ಪ ನೂರು ಸಿನಿಮಾಗಳಲ್ಲಿ ಹೇಳಿ ಹೇಳಿ ಈ ಕಿವಿಗಳ ಮಟ್ಟಿಗೆ ಸವೆಸಿಬಿಟ್ಟಿದ್ದ.

"ಅಪ್ಪ ಸತ್ತಿದಾರೆ ಅಜ್ಜಿ," ಎಂದ ಮತ್ತೆ. ಅವನ ದನಿ ಒಡೆಯಿತು.

"ನೀನೇ ಅತ್ರೆ ಕೇಳೋರು ಏನು ಮಾಡ್ಬೇಕು?" ಅಜ್ಜಿ ಅವನ ಗಲ್ಲ ಹಿಡಿದು ಮೇಲಕ್ಕೆತ್ತಿದಳು. ಪೊರೆ ಕಟ್ಟಿದ ಕಣ್ಣುಗಳು ಅವನ ಮುಖವನ್ನು ಹುಡುಕಿದವು. "ನನ್ನ ಕಣ್ಣು ನೋಡ್ಕೊಂಡು ಹೇಳು."

ಮೂರನೇ ಸಲ ಅವನು ಹೇಳಿದ್ದು ಪಿಸುಮಾತಿನ ಹಾಗಿತ್ತು. ಆದರೂ ಹಜಾರದ ಮೂಲೆಯ ತನಕ ಕೇಳಿತು. ಅಲ್ಲಿದ್ದ ಒಬ್ಬೊಬ್ಬರಿಗೂ ದಫೇದಾರ ಸತ್ತಿದ್ದಾನೆ ಎಂಬುದು ಆಗ ಹೊಸದಾಗಿ ತಿಳಿದ ಹಾಗಾಯಿತು. ಹೆಂಗಸರು ಅತ್ತರು. ಪೇದೆಗಳಲ್ಲಿ ಚಿಕ್ಕವನು ಟೋಪಿ ತೆಗೆದು ಕಣ್ಣೊರೆಸಿಕೊಂಡ. ಅಜ್ಜಿಯೊಬ್ಬಳೇ ಅಳಲಿಲ್ಲ. ಮೊಮ್ಮಗನ ಗಲ್ಲ ಬಿಟ್ಟು, ಅವನ ಕೆನ್ನೆಯನ್ನು ಎರಡು ಸಲ ಮೆಲ್ಲಗೆ ತಟ್ಟಿದಳು.

"ಹಾಂ, ಈಗ ಸರಿ," ಎಂದಳು. "ಸಾಕು ಇನ್ನು."

ಅವಳಿಗೆ ತಿಳಿಯಿತೋ ಇಲ್ಲವೋ ಅಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಹೊರಗೆ ಗಾಡಿ ಹಿಂದಕ್ಕೆ ಬರುವ ಸದ್ದಾಯಿತು.

ಎತ್ತುವಾಗ ಅಜ್ಜಿ ಕುರ್ಚಿಯಿಂದ ಅರ್ಧ ಎದ್ದಳು. "ಮೆಲ್ಲಗೆ ರೀ! ಅವನಿಗೆ ಸೊಂಟ ನೋವಿದೆ." ಹೊತ್ತವರು ತಡೆದರು, ಹೆಜ್ಜೆ ಸಣ್ಣದು ಮಾಡಿದರು. ಮೆಟ್ಟಿಲಿಳಿಯುವ ತನಕ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಿಜವಾಗಿಯೂ ನೋವಾದೀತೆಂಬ ಹಾಗೆ ಇಳಿಸಿದರು. ಮೊಮ್ಮಗ ಗಾಡಿ ಹತ್ತಿದ. ಮೀಸೆ ಅವನ ಪಕ್ಕ ಕೂತ. ನಟಿ ತನ್ನ ಕಾರಿನಲ್ಲಿ ಹಿಂದೆ ಹೋದಳು. ಬೀದಿಯ ತಿರುವಿನಲ್ಲಿ ಗಾಡಿ ಮರೆಯಾಯಿತು. ನೆರೆಹೊರೆಯವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು.

ಸೊಸೆ ನೆಲದ ಮೇಲೆ ಬಿದ್ದ ಹೂವಿನ ಎಸಳುಗಳ ನಡುವೆ ಕೂತಿದ್ದಳು. ಏಳಲು ಅವಳಲ್ಲಿ ಶಕ್ತಿ ಇರಲಿಲ್ಲ.

"ಎಲ್ಲಿಗೆ ಕರ್ಕೊಂಡು ಹೋದ್ರು?" ಅಜ್ಜಿ ಕೇಳಿದಳು. "ಮುಂದಿನ ಸೀನು ಬೇರೆ ಕಡೆನಾ?"

ಸೊಸೆ ಬಾಯಿ ತೆರೆದಳು. ಮೂರು ಸಲ ಮಗ ಹೇಳಿದ್ದನ್ನು ನಾಲ್ಕನೇ ಸಲ ಹೇಳಬೇಕಾದವಳು ತಾನು, ಇವತ್ತು ಅಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ನಾಡಿದ್ದು, ಊಟಕ್ಕೆ ಕೂತಾಗೆಲ್ಲ, ಬಾಗಿಲು ಸದ್ದಾದಾಗೆಲ್ಲ. ಅದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಹೂಂ ಅತ್ತೆ," ಎಂದಳು.

"ಎಷ್ಟೊತ್ತಾಗುತ್ತೋ ಏನೋ. ಬಣ್ಣ ಹಚ್ಚಿದ ಮುಖ, ತಣ್ಣೀರಲ್ಲಿ ಹೋಗಲ್ಲ. ಬಂದ ಕೂಡ್ಲೇ ಬಿಸಿನೀರು ಎಲ್ಲಿ ಅಂತ ಕೂಗ್ತಾನೆ. ಒಂದು ದೊಡ್ಡ ಪಾತ್ರೇಲಿ ನೀರು ಕಾಯಕ್ಕಿಡು ಹೋಗು."

ಸೊಸೆ ಗೋಡೆ ಹಿಡಿದು ಎದ್ದಳು. ಅಡುಗೆಮನೆಗೆ ಹೋಗಿ, ಇದ್ದುದರಲ್ಲಿ ದೊಡ್ಡ ಪಾತ್ರೆ ತೆಗೆದು, ನಲ್ಲಿಯ ಕೆಳಗಿಟ್ಟು ಕಂಠಮಟ್ಟ ತುಂಬಿದಳು. ಒಬ್ಬಳಿಗೆ ಎತ್ತಲಾಗದಷ್ಟು ಭಾರವಿತ್ತು. ಸೊಂಟಕ್ಕೆ ಆನಿಸಿಕೊಂಡು ಹೇಗೋ ಒಲೆಯ ಮೇಲಿಟ್ಟಳು. ಬೆಂಕಿ ಹಚ್ಚಿದಳು. ಪಕ್ಕದಲ್ಲೇ ನಿಂತಳು. ಸ್ವಲ್ಪ ಹೊತ್ತಿಗೆ ತಳದಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದವು, ಆವಿ ಎದ್ದು ಕಿಟಕಿಯ ಗಾಜು ಮಸುಕಾಯಿತು. ಆಮೇಲೆ ನೀರು ಕೊತಕೊತ ಕುದಿಯತೊಡಗಿತು.

"ಕಾದಿದೆಯಾ?" ಹಜಾರದಿಂದ ಅಜ್ಜಿ ಕೂಗಿದಳು.

ಸೊಸೆ ಒಲೆಯ ಉರಿಯನ್ನು ಸಣ್ಣದು ಮಾಡಿ, ಒಂದು ಚೊಂಬು ತಣ್ಣೀರು ತೆಗೆದುಕೊಂಡು ಕುದಿಯುವ ನೀರಿಗೆ ಸುರಿದಳು.

"ಇನ್ನೂ ಇಲ್ಲ ಅತ್ತೆ," ಎಂದಳು.